ಎಲ್ಲಿಯವರೆಗೆ ಬಂತು? ದೊಡ್ಡ ಕಡತಗಳ ಅಪ್‌ಲೋಡಿನಲ್ಲಿ ಲೆಕ್ಕವಿಡುವ ಹೊಣೆ

1. ಪ್ರಶ್ನೆ

ಸರ್ವರಿನಿಂದ ದೊಡ್ಡ ಕಡತವೊಂದನ್ನು ಇಳಿಸಿಕೊಳ್ಳುವಾಗ ನಡುವೆ ಸಂಪರ್ಕ ಕಡಿದರೆ, ನಿಂತಲ್ಲಿಂದ ಮುಂದುವರಿಸುವ ವ್ಯವಸ್ಥೆ ಎಚ್‌ಟಿಟಿಪಿಯಲ್ಲಿ 1997ರಿಂದಲೇ ಇದೆ. ಆ ವರ್ಷದ ಜನವರಿಯಲ್ಲಿ ಪ್ರಕಟವಾದ ಆರ್‌ಎಫ್‌ಸಿ 2068 'ರೇಂಜ್' ಎಂಬ ಶಿರೋಲೇಖವನ್ನೂ 206 ಎಂಬ ಉತ್ತರಸಂಖ್ಯೆಯನ್ನೂ ಒಳಗೊಂಡಿತ್ತು. ಇಂತಿಷ್ಟನೇ ಬೈಟಿನಿಂದ ಮುಂದಿನದನ್ನು ಕೊಡು ಎಂದು ಬ್ರೌಸರ್ ಕೇಳಬಹುದು, ಸರ್ವರ್ ಅಷ್ಟನ್ನೇ ಕೊಡಬಹುದು. ಏರಿಸುವ ದಿಕ್ಕಿನಲ್ಲಿ ಇದಕ್ಕೆ ಜೋಡಿಯಾದ ಸಾರ್ವತ್ರಿಕ ವ್ಯವಸ್ಥೆಯನ್ನು ಆ ದಾಖಲೆ ಕೊಡಲಿಲ್ಲ. ಅಂಥದೊಂದನ್ನು ರೂಪಿಸುವ ಕೆಲಸವನ್ನು ಇಂಟರ್‌ನೆಟ್ ಎಂಜಿನಿಯರಿಂಗ್ ಟಾಸ್ಕ್ ಫೋರ್ಸಿನ ಎಚ್‌ಟಿಟಿಪಿ ಕಾರ್ಯಗುಂಪು ಕೈಗೆತ್ತಿಕೊಂಡದ್ದು 2022ರಲ್ಲಿ, ಅಂದರೆ ಕಾಲು ಶತಮಾನದ ಮೇಲೆ.

ಈ ಅಂತರಕ್ಕೆ ಕಾರಣವೇನು, ಅದನ್ನು ತುಂಬಲು ಬಂದ ಉಪಾಯಗಳಲ್ಲಿ ಸಮಾನವಾದದ್ದೇನು ಎಂಬುದು ಈ ಟಿಪ್ಪಣಿಯ ವಿಷಯ. ದೊಡ್ಡ ಅಪ್‌ಲೋಡಿನ ತೊಡಕನ್ನು ಸಾಮಾನ್ಯವಾಗಿ ಗಾತ್ರದ ತೊಡಕೆಂದು ಓದಲಾಗುತ್ತದೆ. ಸರ್ವರಿನ ಮಿತಿಯನ್ನು ಹೆಚ್ಚಿಸಿದರೆ ಸರಿಹೋಗುತ್ತದೆ ಎಂಬ ಸಲಹೆ ಅಲ್ಲಿಂದಲೇ ಹುಟ್ಟುತ್ತದೆ. ಆದರೆ ಮೂಲದಲ್ಲಿ ಇದು ಲೆಕ್ಕದ ತೊಡಕು: ಎಷ್ಟು ಬೈಟು ತಲುಪಿತು ಎಂಬುದನ್ನು ಯಾರು ಬರೆದಿಡಬೇಕು, ಎಷ್ಟು ಹೊತ್ತು ಇಟ್ಟುಕೊಳ್ಳಬೇಕು? ಮುಂದಿನ ಭಾಗಗಳು ಈ ಓದನ್ನು ಸಮರ್ಥಿಸುತ್ತವೆ.

2. 1995ರ ನಿರ್ಧಾರ

ಎಚ್‌ಟಿಎಂಎಲ್ ಫಾರ್ಮಿನ ಮೂಲಕ ಕಡತ ಕಳಿಸುವ ವಿಧಾನವನ್ನು ವಿವರಿಸಿದ್ದು ಆರ್‌ಎಫ್‌ಸಿ 1867. ಜೆರಾಕ್ಸ್ ಸಂಸ್ಥೆಯ ಅರ್ನೆಸ್ಟೊ ನೆಬೆಲ್ ಮತ್ತು ಲ್ಯಾರಿ ಮ್ಯಾಸಿಂಟರ್ ಬರೆದ ಈ ದಾಖಲೆ 1995ರ ನವೆಂಬರಿನಲ್ಲಿ ಬಂತು. ಇಂದಿಗೂ 'ಫೈಲ್ ಆರಿಸಿ' ಎಂಬ ಗುಂಡಿಯ ಹಿಂದಿರುವುದು ಆಗ ಸೂಚಿಸಿದ 'ಮಲ್ಟಿಪಾರ್ಟ್/ಫಾರ್ಮ್-ಡೇಟಾ' ರೂಪವೇ. 1998ರ ಆರ್‌ಎಫ್‌ಸಿ 2388 ಮತ್ತು 2015ರ ಆರ್‌ಎಫ್‌ಸಿ 7578 ಅದನ್ನು ಪರಿಷ್ಕರಿಸಿದವು. ಎರಡರ ಮೇಲೂ ಮ್ಯಾಸಿಂಟರ್ ಅವರ ಹೆಸರಿದೆ.

ಈ ರೂಪದಲ್ಲಿ ಫಾರ್ಮಿನ ಪ್ರತಿಯೊಂದು ಕ್ಷೇತ್ರವೂ ಒಂದು ಗಡಿಸಾಲಿನಿಂದ ಬೇರ್ಪಟ್ಟು ಒಂದೇ ಉದ್ದನೆಯ ಹರಿವಾಗಿ ಹೋಗುತ್ತದೆ. ಕಡತದ ಉದ್ದವನ್ನು ಅದರ ಭಾಗದಲ್ಲಿ ಪ್ರತ್ಯೇಕವಾಗಿ ಹೇಳಬೇಕೆಂಬ ಕಟ್ಟಲೆಯಿಲ್ಲ. ಆದ್ದರಿಂದ ಸರ್ವರ್ ಪ್ರತಿ ಬೈಟನ್ನೂ ಓದುತ್ತ ಮುಂದಿನ ಗಡಿಸಾಲನ್ನು ಹುಡುಕಬೇಕು. ಹರಿವು ನಡುವೆ ನಿಂತರೆ ಕೈಯಲ್ಲಿ ಉಳಿಯುವುದು ಅಪೂರ್ಣ ಸಂದೇಶ. ಅದಕ್ಕೆ ಹೆಸರಿಲ್ಲ, ವಿಳಾಸವಿಲ್ಲ, ಅದನ್ನು ಮತ್ತೆ ಕೇಳುವ ದಾರಿಯಿಲ್ಲ. ಸರ್ವರ್ ಅದನ್ನು ಎಸೆಯುತ್ತದೆ.

ಲೇಖಕರು ಈ ದಿಕ್ಕಿನಲ್ಲಿ ಯೋಚಿಸಿರಲಿಲ್ಲ ಎನ್ನುವಂತಿಲ್ಲ. ಕಡತ ಸ್ವೀಕರಿಸುವ ಮುನ್ನ ಬಳಕೆದಾರರ ಹೆಸರು, ಖಾತೆ ಮುಂತಾದವನ್ನು ಪರಿಶೀಲಿಸಿ, ಅನಂತರ ಕಡತವನ್ನು ಬರಮಾಡಿಕೊಳ್ಳುವ ಎರಡು ಹಂತದ ಕ್ರಮವನ್ನು ದಾಖಲೆ ಚರ್ಚಿಸುತ್ತದೆ, ಚರ್ಚಿಸಿ ಕೈಬಿಡುತ್ತದೆ. ಅಂಥ ಸಂಕೀರ್ಣ ವ್ಯವಹಾರ ಬೇಕಾದ ಸರ್ವರುಗಳು ತಾವೇ ಫಾರ್ಮುಗಳ ಸರಣಿ ಕಟ್ಟಿಕೊಂಡು ಸ್ಥಿತಿಯ ಹೊಣೆ ಹೊರಲಿ, ಸರಳ ಅಗತ್ಯದವರಿಗೆ ಸರಳ ದಾರಿ ಉಳಿಯಲಿ ಎಂಬುದು ಅವರ ನಿಲುವು. ಮಾತು ಅಲ್ಲಿ ಪರಿಶೀಲನೆಯ ಕುರಿತಾದರೂ ತತ್ವ ಅಪ್‌ಲೋಡಿನ ಇಡೀ ಇತಿಹಾಸಕ್ಕೆ ಅನ್ವಯಿಸಿತು. ಕಡತಗಳು ಚಿಕ್ಕವಿದ್ದ ಕಾಲಕ್ಕೆ ನಿರ್ಧಾರ ಸರಿಯಾಗಿಯೇ ಇತ್ತು. ಅದರ ಬೆಲೆ ಗೊತ್ತಾದದ್ದು ಕಡತಗಳು ಬೆಳೆದ ಮೇಲೆ.

3. ದಾರಿಯ ಮೇಲಿನ ಮಿತಿಗಳು

ಅಪ್‌ಲೋಡ್ ಎಂಬುದು ಬ್ರೌಸರಿನಿಂದ ನೇರವಾಗಿ ಡಿಸ್ಕಿಗೆ ಹೋಗುವ ಒಂದೇ ನೆಗೆತವಲ್ಲ. ದಾರಿಯಲ್ಲಿ ಹಲವು ತಂತ್ರಾಂಶಗಳಿವೆ, ಪ್ರತಿಯೊಂದಕ್ಕೂ ತನ್ನದೇ ಮಿತಿ. ಎಂಜಿನ್‌ಎಕ್ಸ್ ಸರ್ವರಿನಲ್ಲಿ ಮನವಿಯ ಒಡಲಿಗೆ ಮೊದಲೇ ಇರುವ ಮಿತಿ 1 ಎಂಬಿ. ಪಿಎಚ್‌ಪಿಯಲ್ಲಿ ಒಂದು ಕಡತಕ್ಕೆ 2 ಎಂಬಿ, ಇಡೀ ಫಾರ್ಮಿಗೆ 8 ಎಂಬಿ. ಮೈಕ್ರೋಸಾಫ್ಟಿನ ಐಐಎಸ್‌ನಲ್ಲಿ 3,00,00,000 ಬೈಟು. ಅಪಾಚೆಯಲ್ಲಿ 2022ರವರೆಗೆ ಮಿತಿಯೇ ಇರಲಿಲ್ಲ, ಆಮೇಲೆ 1 ಜಿಬಿ ಆಯಿತು. ಇವೆಲ್ಲ ಬದಲಿಸಬಹುದಾದ ಸಂಖ್ಯೆಗಳು. ಆದರೆ ಒಂದನ್ನು ಬದಲಿಸಿ ಇನ್ನೊಂದನ್ನು ಬಿಟ್ಟರೆ ಕಡತ ಮುಂದಿನ ಬಾಗಿಲಲ್ಲಿ ನಿಲ್ಲುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಸಂಖ್ಯೆಗಳಿಗಿಂತ ಸೋಲಿನ ಸ್ವರೂಪ. ಎಂಜಿನ್‌ಎಕ್ಸ್ ಮಿತಿ ಮೀರಿದ ಮನವಿಗೆ 413 ಎಂಬ ಉತ್ತರ ಕೊಡುತ್ತದೆ. ಬ್ರೌಸರುಗಳು ಈ ತಪ್ಪನ್ನು ಸರಿಯಾಗಿ ತೋರಿಸಲಾರವು ಎಂದು ಅದರ ಅಧಿಕೃತ ಕೈಪಿಡಿಯೇ ಎಚ್ಚರಿಸುತ್ತದೆ. ಬ್ರೌಸರ್ ಇನ್ನೂ ಕಳಿಸುತ್ತಿರುವಾಗಲೇ ಆ ಕಡೆಯವರು ಬಾಗಿಲು ಹಾಕಿದರೆ, ಬಳಕೆದಾರರಿಗೆ ಕಾಣುವುದು 'ಸಂಪರ್ಕ ಕಡಿದಿದೆ' ಎಂಬ ಅಸ್ಪಷ್ಟ ಸಂದೇಶ ಮಾತ್ರ. ಪಿಎಚ್‌ಪಿಯಲ್ಲಿ ಫಾರ್ಮಿನ ಒಟ್ಟು ಮಿತಿ ಮೀರಿದರೆ ಕಡತದೊಂದಿಗೆ ಉಳಿದ ಕ್ಷೇತ್ರಗಳೂ ಪ್ರೋಗ್ರಾಮಿಗೆ ಖಾಲಿಯಾಗಿ ಬರುತ್ತವೆ. ಹಾಗಾಗಿ ಹೆಸರು, ವಿಳಾಸ ಎಲ್ಲವನ್ನೂ ತುಂಬಿದವರಿಗೆ 'ಹೆಸರು ಕಡ್ಡಾಯ' ಎಂಬ ಉತ್ತರ ಸಿಗಬಹುದು.

ಕಳಿಸುವ ಮುನ್ನವೇ ಕೇಳುವ ಕ್ರಮ ಎಚ್‌ಟಿಟಿಪಿಯಲ್ಲಿ ಇಲ್ಲದಿಲ್ಲ. 'ಎಕ್ಸ್‌ಪೆಕ್ಟ್: 100-ಕಂಟಿನ್ಯೂ' ಎಂಬ ಶಿರೋಲೇಖ ಇರುವುದೇ ಅದಕ್ಕೆ: ಮೊದಲು ಶಿರೋಲೇಖಗಳನ್ನಷ್ಟೇ ಕಳಿಸಿ, ಸರ್ವರ್ ಒಪ್ಪಿದ ಮೇಲೆ ಒಡಲನ್ನು ಕಳಿಸುವುದು. ಕರ್ಲ್‌ನಂಥ ಆದೇಶಸಾಲಿನ ಉಪಕರಣ ಇದನ್ನು ಬಳಸುತ್ತದೆ. ಆದರೆ ಬ್ರೌಸರಿನಲ್ಲಿ ಓಡುವ ಸ್ಕ್ರಿಪ್ಟುಗಳಿಗೆ ಈ ಶಿರೋಲೇಖವನ್ನು ತಾವಾಗಿ ಸೇರಿಸಲು ಅನುಮತಿಯಿಲ್ಲ.

ಮಧ್ಯವರ್ತಿಗಳು ಇನ್ನೊಂದು ಭ್ರಮೆಯನ್ನೂ ಹುಟ್ಟಿಸುತ್ತವೆ. ಎಂಜಿನ್‌ಎಕ್ಸ್ ಮುಂದೆ ನಿಂತಿದ್ದಾಗ ಅದು ಇಡೀ ಒಡಲನ್ನು ಮೊದಲು ತನ್ನ ತಾತ್ಕಾಲಿಕ ಕಡತಕ್ಕೆ ಬರೆದುಕೊಂಡು, ಅನಂತರವೇ ಹಿಂದಿನ ಸರ್ವರಿಗೆ ದಾಟಿಸುವುದು ರೂಢಿ. ಅಲ್ಲಿ ಪಿಎಚ್‌ಪಿ ಮತ್ತೆ ತನ್ನದೊಂದು ತಾತ್ಕಾಲಿಕ ಕಡತಕ್ಕೆ ಬರೆಯುತ್ತದೆ. ಕಡತ ಕೊನೆಯ ಜಾಗ ಸೇರುವುದು ಆ ಬಳಿಕ. ಬ್ರೌಸರಿನ ಪ್ರಗತಿಪಟ್ಟಿ 100 ತೋರಿಸಿ ನಿಮಿಷಗಟ್ಟಲೆ ಸುಮ್ಮನಿರುವುದಕ್ಕೆ ಇದೊಂದು ಮುಖ್ಯ ಕಾರಣ. ಆ ಪಟ್ಟಿ ಅಳೆಯುವುದು ಬ್ರೌಸರ್ ಕೈಬಿಟ್ಟ ಬೈಟುಗಳನ್ನು, ಅನ್ವಯದ ಕೈಸೇರಿದ ಬೈಟುಗಳನ್ನಲ್ಲ. ಟಿಸಿಪಿ ಮಟ್ಟದ ಸ್ವೀಕೃತಿಯೂ ಎದುರಿನ ಯಂತ್ರದ ಕರ್ನಲ್ ಪಡೆಯಿತು ಎಂದಷ್ಟೇ ಹೇಳುತ್ತದೆ. ಆ ಬೈಟುಗಳು ಡಿಸ್ಕಿನಲ್ಲಿ ಉಳಿದವೋ ಇಲ್ಲವೋ ಎಂಬುದು ಕಳಿಸುವವರಿಗೆ ತಾವಾಗಿ ತಿಳಿಯುವಂತಿಲ್ಲ.

ಲಾರಿಯಿಂದ ಮೂಟೆ ಇಳಿಸುವಾಗ ಲೆಕ್ಕ ಬರೆಯುವವನು ಗೋದಾಮಿನ ಬಾಗಿಲಲ್ಲಿ ಕೂರುತ್ತಾನೆ, ಲಾರಿಯ ಮೇಲಲ್ಲ. ಅಪ್‌ಲೋಡಿನಲ್ಲೂ ನಂಬಬಹುದಾದ ಲೆಕ್ಕ ಸ್ವೀಕರಿಸುವವರ ಬಳಿಯೇ ಇರಬೇಕು.

4. ಒಂದು ಅಂದಾಜು ಲೆಕ್ಕ

ಮೊದಲಿನಿಂದ ಶುರುಮಾಡುವುದರ ಬೆಲೆಯನ್ನು ಸರಳ ಮಾದರಿಯಿಂದ ಅಳೆಯಬಹುದು. ಕಡತ 2 ಜಿಬಿ, ಅಂದರೆ 2,000 ಎಂಬಿ ಇರಲಿ. ಏರಿಕೆಯ ವೇಗ ಸೆಕೆಂಡಿಗೆ 10 ಮೆಗಾಬಿಟ್. ತಡೆಯಿಲ್ಲದಿದ್ದರೆ 1,600 ಸೆಕೆಂಡು, ಸುಮಾರು 26.7 ನಿಮಿಷ ಬೇಕು. ಸಂಪರ್ಕ ಸರಾಸರಿ 10 ನಿಮಿಷಕ್ಕೊಮ್ಮೆ ಯಾದೃಚ್ಛಿಕವಾಗಿ ಕಡಿಯುತ್ತದೆ, ಕಡಿದದ್ದು ತಕ್ಷಣ ತಿಳಿದು ತಕ್ಷಣ ಮತ್ತೆ ಶುರುವಾಗುತ್ತದೆ ಎಂದುಕೊಳ್ಳೋಣ. ರೈಲಿನಲ್ಲಿ ಕೂತು ಮೊಬೈಲ್ ಜಾಲ ಬಳಸುವವರಿಗೆ ಇದು ವಿಪರೀತದ ಊಹೆಯಲ್ಲ.

ಒಂದೇ ಮನವಿಯಲ್ಲಿ ಕಳಿಸಿದರೆ, ಒಂದು ಯತ್ನ ನಡುವೆ ಕಡಿಯದೆ ಮುಗಿಯುವ ಸಂಭವ ಸುಮಾರು ನೂರಕ್ಕೆ 7. ಯಶಸ್ವಿಯಾಗುವವರೆಗೆ ಮರುಯತ್ನಿಸಿದರೆ ಸರಾಸರಿ 134 ನಿಮಿಷ ಬೇಕು. ಅದೇ ಕಡತವನ್ನು 100 ಎಂಬಿಯ 20 ತುಂಡುಗಳಾಗಿ ಮಾಡಿ, ಕಡಿದಾಗ ಆ ತುಂಡನ್ನಷ್ಟೇ ಮತ್ತೆ ಕಳಿಸಿದರೆ ಸರಾಸರಿ 28.5 ನಿಮಿಷ. 8 ಎಂಬಿಯ 250 ತುಂಡುಗಳಾದರೆ 26.8 ನಿಮಿಷ.

ಹಾಗಾದರೆ ತುಂಡು ಚಿಕ್ಕದಾದಷ್ಟೂ ಒಳ್ಳೆಯದೇ? ಅಲ್ಲ. ಪ್ರತಿ ತುಂಡಿನ ಕೊನೆಯಲ್ಲಿ ಉತ್ತರಕ್ಕಾಗಿ 0.2 ಸೆಕೆಂಡು ಕಾಯಬೇಕೆಂದು ಸೇರಿಸಿ ನೋಡೋಣ. 100 ಎಂಬಿ ತುಂಡುಗಳಿಗೆ ಒಟ್ಟು 4 ಸೆಕೆಂಡು ಹೆಚ್ಚುತ್ತದೆ, 8 ಎಂಬಿಯವಕ್ಕೆ 50 ಸೆಕೆಂಡು, 1 ಎಂಬಿಯ 2,000 ತುಂಡುಗಳಿಗೆ 400 ಸೆಕೆಂಡು. ಆಗ ಮೊತ್ತ ಕ್ರಮವಾಗಿ ಸುಮಾರು 28.6, 27.6 ಮತ್ತು 33.3 ನಿಮಿಷ. ಕಡಿತದ ನಷ್ಟ ದೊಡ್ಡ ತುಂಡನ್ನು ಶಿಕ್ಷಿಸುತ್ತದೆ, ಕಾಯುವ ಹೊತ್ತು ಚಿಕ್ಕ ತುಂಡನ್ನು ಶಿಕ್ಷಿಸುತ್ತದೆ. ಸರಿಯಾದ ಗಾತ್ರ ನಡುವೆ ಎಲ್ಲೋ ಇದೆ, ಜಾಲದ ಗುಣಕ್ಕೆ ತಕ್ಕಂತೆ ಸರಿಯುತ್ತದೆ.

ತುಂಡಿನ ಗಾತ್ರ ಇಮ್ಮಡಿಯಾಯಿತೋ ಅರ್ಧವಾಯಿತೋ ಎಂಬುದರಿಂದ ಬರುವ ವ್ಯತ್ಯಾಸ ನಿಮಿಷಗಳದು. ಲೆಕ್ಕವಿಟ್ಟರೋ ಇಲ್ಲವೋ ಎಂಬುದರಿಂದ ಬರುವ ವ್ಯತ್ಯಾಸ ಸುಮಾರು ಐದು ಪಟ್ಟಿನದು.

5. ನಾಲ್ಕು ಉತ್ತರಗಳು

ಬ್ರೌಸರಿನಲ್ಲಿ ಕಡತವನ್ನು ತುಂಡರಿಸುವುದೇ ಬಹುಕಾಲ ಸಾಧ್ಯವಿರಲಿಲ್ಲ. ಪ್ರಗತಿಪಟ್ಟಿಗಾಗಿಯೂ ಜನ ಫ್ಲ್ಯಾಶ್ ಪ್ಲಗಿನ್ನಿನ ಮೊರೆಹೋಗುತ್ತಿದ್ದರು. ಡಬ್ಲ್ಯು3ಸಿ ಸಂಸ್ಥೆಯ ಫೈಲ್ ಎಪಿಐ ಕರಡು 2009ರ ನವೆಂಬರಿನಲ್ಲಿ ಮೊದಲ ಬಾರಿಗೆ ಪ್ರಕಟವಾಗಿ, ಮುಂದಿನ ಕೆಲವು ವರ್ಷಗಳಲ್ಲಿ 'ಸ್ಲೈಸ್' ಕ್ರಿಯೆ ಬ್ರೌಸರುಗಳಿಗೆ ಬಂದ ಮೇಲೆ, ಸ್ಕ್ರಿಪ್ಟು ಇಡೀ ಕಡತವನ್ನು ನೆನಪಿಗೆ ತುಂಬಿಕೊಳ್ಳದೆ ಬೇಕಾದ ಭಾಗವನ್ನಷ್ಟೇ ಓದಿ ಕಳಿಸುವಂತಾಯಿತು. ಆಚೆ ಬದಿಯಲ್ಲಿ ಆ ತುಂಡುಗಳ ಲೆಕ್ಕ ಇಡುವವರು ಯಾರು ಎಂಬುದಕ್ಕೆ ಬೇರೆಬೇರೆ ಉತ್ತರಗಳು ಬಂದವು.

ಮೊದಲನೆಯದು ಅಮೆಜಾನ್ ಎಸ್3ಯದು. 2006ರ ಮಾರ್ಚಿನಲ್ಲಿ ಶುರುವಾದಾಗ ಅಲ್ಲಿ ಒಂದು ವಸ್ತುವಿನ ಗರಿಷ್ಠ ಗಾತ್ರ 5 ಜಿಬಿ. 2010ರ ನವೆಂಬರಿನಲ್ಲಿ ಬಹುಭಾಗ ಅಪ್‌ಲೋಡ್ ಬಂತು, ಮರುತಿಂಗಳೇ ಮಿತಿ 5 ಟಿಬಿಗೆ ಏರಿತು. ಈ ಎರಡು ಘಟನೆಗಳ ಕ್ರಮ ಅರ್ಥಪೂರ್ಣ: ಮೊದಲು ಲೆಕ್ಕದ ವ್ಯವಸ್ಥೆ, ಅನಂತರ ಗಾತ್ರ. ಭಾಗಗಳು 10,000 ಮೀರುವಂತಿಲ್ಲ, ಕೊನೆಯದನ್ನು ಬಿಟ್ಟು ಪ್ರತಿಯೊಂದೂ ಕನಿಷ್ಠ 5 ಎಂಬಿ ಇರಬೇಕು. ಹಾಗಾಗಿ ಕನಿಷ್ಠ ಗಾತ್ರದ ಭಾಗಗಳಿಂದ ಸುಮಾರು 50 ಜಿಬಿವರೆಗೆ ಮಾತ್ರ ಹೋಗಬಹುದು. 5 ಟಿಬಿ ತಲುಪಲು ಭಾಗವೊಂದು 500 ಎಂಬಿಗಿಂತ ದೊಡ್ಡದಿರಬೇಕು. ಇಲ್ಲಿ ಲೆಕ್ಕ ಇಬ್ಬರಲ್ಲಿ ಹಂಚಿದೆ. ಯಾವ ಭಾಗ ಬಂದಿದೆ ಎಂಬುದು ಎಸ್3ಗೆ ಗೊತ್ತು. ಆದರೆ ಪ್ರತಿ ಭಾಗದ ಸಂಖ್ಯೆ ಮತ್ತು ಗುರುತುಚೀಟಿಗಳ ಪಟ್ಟಿಯನ್ನು ಕೊನೆಗೆ ಒಪ್ಪಿಸಿ 'ಮುಗಿಯಿತು' ಎನ್ನಬೇಕಾದವರು ಕಳಿಸುವವರು. ಇದರ ಲಾಭವೆಂದರೆ ಭಾಗಗಳನ್ನು ಯಾವ ಕ್ರಮದಲ್ಲಾದರೂ, ಏಕಕಾಲದಲ್ಲಾದರೂ ಕಳಿಸಬಹುದು. ಜೊತೆಗೆ ಅವಧಿ ನಿಗದಿಯಾದ ಸಹಿ ಹೊತ್ತ ವಿಳಾಸಗಳನ್ನು ಬ್ರೌಸರಿಗೆ ಕೊಟ್ಟರೆ, ಬೈಟುಗಳು ಅನ್ವಯದ ಸರ್ವರನ್ನು ಮುಟ್ಟದೆಯೇ ಸಂಗ್ರಹಕ್ಕೆ ಹೋಗುತ್ತವೆ. ಮೂರನೆಯ ಭಾಗದಲ್ಲಿ ಕಂಡ ಎರಡು ಮೂರು ಬಾರಿಯ ನಕಲು ಆಗ ತಪ್ಪುತ್ತದೆ.

ಎರಡನೆಯದು ಗೂಗಲ್ ತನ್ನ ಸೇವೆಗಳಲ್ಲಿ ಬಳಸುವ ಕ್ರಮ. ಮೊದಲ ಮನವಿಗೆ ಉತ್ತರವಾಗಿ ಸರ್ವರ್ ಒಂದು ಅಧಿವೇಶನದ ವಿಳಾಸ ಕೊಡುತ್ತದೆ. ತುಂಡುಗಳು 256 ಕೆಬಿಯ ಗುಣಕಗಳಾಗಿ ಸರದಿಯಂತೆ ಹೋಗುತ್ತವೆ. ನಡುವೆ ಕಡಿದರೆ ಬ್ರೌಸರ್ ಒಡಲಿಲ್ಲದ ಮನವಿಯೊಂದನ್ನು ಕಳಿಸಿ 'ಎಷ್ಟು ಬಂದಿದೆ?' ಎಂದು ಕೇಳುತ್ತದೆ. ಸರ್ವರ್ 308 ಎಂಬ ಉತ್ತರದೊಂದಿಗೆ ತಾನು ಪಡೆದ ವ್ಯಾಪ್ತಿಯನ್ನು ತಿಳಿಸುತ್ತದೆ. ಖಾಸಗಿ ಒಪ್ಪಂದದ ತೊಂದರೆಯೂ ಇಲ್ಲೇ ಕಾಣುತ್ತದೆ. ಅದೇ 308 ಸಂಖ್ಯೆಗೆ 2014ರ ಆರ್‌ಎಫ್‌ಸಿ 7238 'ಶಾಶ್ವತ ಮರುನಿರ್ದೇಶನ' ಎಂಬ ಬೇರೆ ಅರ್ಥ ಕೊಟ್ಟಿತು. ಈಗ ಒಂದೇ ಸಂಖ್ಯೆಗೆ ಎರಡು ಬಳಕೆಗಳಿವೆ.

ಮೂರನೆಯದು ಟಸ್ ಎಂಬ ಮುಕ್ತ ಶಿಷ್ಟಾಚಾರ. ಟ್ರಾನ್ಸ್‌ಲೋಡಿಟ್ ಸಂಸ್ಥೆಯವರು ಹುಟ್ಟುಹಾಕಿದ ಇದರ 1.0 ಆವೃತ್ತಿ 2016ರಲ್ಲಿ ಬಂತು. 'ಹೆಡ್' ಮನವಿಗೆ ಸರ್ವರ್ 'ಅಪ್‌ಲೋಡ್-ಆಫ್‌ಸೆಟ್' ಹೇಳುತ್ತದೆ, ಅಂದರೆ ತನಗೆ ಈವರೆಗೆ ಬಂದ ಬೈಟುಗಳ ಸಂಖ್ಯೆಯನ್ನು. ಬ್ರೌಸರ್ ಅದೇ ಸಂಖ್ಯೆಯನ್ನು ಮರಳಿ ಹೇಳುತ್ತ 'ಪ್ಯಾಚ್' ಮನವಿಯಲ್ಲಿ ಉಳಿದ ಬೈಟುಗಳನ್ನು ಕಳಿಸುತ್ತದೆ. ಎರಡೂ ಕಡೆಯ ಸಂಖ್ಯೆ ಹೊಂದದಿದ್ದರೆ ಸರ್ವರ್ 409 ಎಂದು ನಿರಾಕರಿಸುತ್ತದೆ. ಇಡೀ ಶಿಷ್ಟಾಚಾರದ ತಿರುಳು ಈ ಒಂದು ಸಂಖ್ಯೆ. ವಾದ ಬಂದಾಗ ಗೆಲ್ಲುವುದು ಸರ್ವರಿನ ಸಂಖ್ಯೆ.

ನಾಲ್ಕನೆಯದು ಮೊದಲ ಭಾಗದಲ್ಲಿ ಹೇಳಿದ ಕಾರ್ಯಗುಂಪಿನ ಕರಡು. ಅದರ ವಿಶೇಷವೆಂದರೆ 104 ಎಂಬ ಮಧ್ಯಂತರ ಉತ್ತರ: ಮಾಮೂಲಿ ಅಪ್‌ಲೋಡ್ ನಡೆಯುತ್ತಿರುವಾಗಲೇ 'ಇದನ್ನು ಮುಂದುವರಿಸಬಹುದು, ವಿಳಾಸ ಇಲ್ಲಿದೆ' ಎಂದು ಸರ್ವರ್ ತಿಳಿಸಬಹುದು. ಆಪಲ್ 2023ರ ಐಒಎಸ್ 17ರಲ್ಲಿ ತನ್ನ ಜಾಲ ಗ್ರಂಥಾಲಯಕ್ಕೆ ಇದರ ಬೆಂಬಲ ಸೇರಿಸಿತು.

ಇಷ್ಟೆಲ್ಲ ಬಳಸುದಾರಿ ಏಕೆ, 'ಪುಟ್' ಮನವಿಗೆ 'ಕಂಟೆಂಟ್-ರೇಂಜ್' ಸೇರಿಸಿದರೆ ಸಾಲದೆ ಎಂಬ ಪ್ರಶ್ನೆ ಸಹಜ. 2014ರ ಆರ್‌ಎಫ್‌ಸಿ 7231 ಅಂಥ ಮನವಿಯನ್ನು ಸರ್ವರ್ ತಿರಸ್ಕರಿಸಬೇಕೆಂದು ವಿಧಿಸಿತ್ತು. ಆ ಶಿರೋಲೇಖ ಅರ್ಥವಾಗದ ಸರ್ವರ್ ಒಂದು ತುಂಡನ್ನೇ ಇಡೀ ಕಡತವೆಂದು ತಿಳಿದು ಹಳೆಯದರ ಮೇಲೆ ಬರೆದುಬಿಡುವ ಅಪಾಯವಿತ್ತು. 2022ರ ಆರ್‌ಎಫ್‌ಸಿ 9110 ಈ ಬಿಗಿಯನ್ನು ಸಡಿಲಿಸಿ, ಇಬ್ಬರೂ ಮೊದಲೇ ಒಪ್ಪಿಕೊಂಡಿದ್ದ ಕಡೆ ಬಳಕೆಗೆ ಅವಕಾಶವಿದೆ ಎಂದಿತು. ಮುಂಚಿನ ಒಪ್ಪಂದವಿಲ್ಲದೆ ಲೆಕ್ಕ ನಡೆಯದು ಎಂಬುದಕ್ಕೆ ಇದೂ ಸಾಕ್ಷಿ.

6. ಮರೆಯುವ ನಿಯಮ ಮತ್ತು ಗುರುತಿನ ತೊಡಕು

ಲೆಕ್ಕವಿಡುವವರು ಅದನ್ನು ಯಾವಾಗ ಅಳಿಸಬೇಕೆಂಬುದನ್ನೂ ತೀರ್ಮಾನಿಸಬೇಕು. ಅರ್ಧಕ್ಕೆ ಬಿಟ್ಟ ಅಪ್‌ಲೋಡುಗಳ ಭಾಗಗಳು ಎಸ್3ಯಲ್ಲಿ ತಾವಾಗಿ ಮಾಯವಾಗುವುದಿಲ್ಲ. ವಸ್ತುಗಳ ಪಟ್ಟಿಯಲ್ಲಿ ಕಾಣದಿದ್ದರೂ ಅವುಗಳ ಸಂಗ್ರಹಕ್ಕೆ ಶುಲ್ಕ ಬೀಳುತ್ತಲೇ ಇರುತ್ತದೆ. ಅವನ್ನು ಇಂತಿಷ್ಟು ದಿನದ ಬಳಿಕ ತೆಗೆದುಹಾಕುವ ನಿಯಮವನ್ನು ಬಳಕೆದಾರರೇ ಹಾಕಿಕೊಳ್ಳಬೇಕು, ಆ ಸೌಲಭ್ಯ ಬಂದದ್ದು 2016ರಲ್ಲಿ. ಗೂಗಲ್ ಕ್ಲೌಡ್ ಸಂಗ್ರಹದ ಅಧಿವೇಶನ ಒಂದು ವಾರಕ್ಕೆ ಮುಗಿಯುತ್ತದೆ. ಟಸ್‌ನಲ್ಲಿ ಮುಕ್ತಾಯದ ಗಡುವು ಐಚ್ಛಿಕ ವಿಸ್ತರಣೆ. ಗಡುವಿಲ್ಲದ ಸರ್ವರಿನಲ್ಲಿ ದುರುದ್ದೇಶದವರು ಸಾವಿರಾರು ಅಪ್‌ಲೋಡುಗಳನ್ನು ಶುರುಮಾಡಿ ಬಿಟ್ಟುಹೋದರೆ ಡಿಸ್ಕು ತುಂಬುತ್ತದೆ.

ಬ್ರೌಸರಿನ ಕಡೆಯಲ್ಲಿ ಬೇರೊಂದು ತೊಡಕಿದೆ. ಪುಟ ಮುಚ್ಚಿ ತೆರೆದರೆ ಸ್ಕ್ರಿಪ್ಟಿನ ಕೈಯಲ್ಲಿದ್ದ ಕಡತ ಹೋಗುತ್ತದೆ. ಭದ್ರತೆಯ ದೃಷ್ಟಿಯಿಂದ ಪುಟವೊಂದು ದಾರಿಯ ಹೆಸರು ಹಿಡಿದು ಡಿಸ್ಕಿನ ಕಡತವನ್ನು ತಾನಾಗಿ ತೆರೆಯುವಂತಿಲ್ಲ, ಬಳಕೆದಾರರೇ ಮತ್ತೆ ಆರಿಸಬೇಕು. ಆರಿಸಿದ್ದು ಹಿಂದಿನ ಕಡತವೇ ಎಂದು ಹೇಗೆ ತಿಳಿಯುವುದು? ಟಸ್‌ನ ಜಾವಾಸ್ಕ್ರಿಪ್ಟ್ ಗ್ರಂಥಾಲಯ ಹೆಸರು, ಬಗೆ, ಗಾತ್ರ, ಕೊನೆಯ ಬದಲಾವಣೆಯ ಹೊತ್ತು ಇವುಗಳಿಂದ ಒಂದು ಬೆರಳಚ್ಚು ಕಟ್ಟಿ ಬ್ರೌಸರಿನ ಸ್ಥಳೀಯ ಸಂಗ್ರಹದಲ್ಲಿ ಇಟ್ಟುಕೊಳ್ಳುತ್ತದೆ. ಇದು ಅಗ್ಗದ, ಬಹುಪಾಲು ಸಾಕಾಗುವ ಉಪಾಯ. ಆದರೆ ಇದು ಒಳಗಿನ ಬೈಟುಗಳ ಸಾಕ್ಷಿಯಲ್ಲ. ಅದಕ್ಕೆ ಹ್ಯಾಶ್ ಬೇಕು. 2024ರ ಫೆಬ್ರುವರಿಯ ಆರ್‌ಎಫ್‌ಸಿ 9530 ತುಂಡಿನ ಹ್ಯಾಶ್ ಮತ್ತು ಇಡೀ ನಿರೂಪಣೆಯ ಹ್ಯಾಶ್ ಎರಡನ್ನೂ ಬೇರೆಬೇರೆ ಶಿರೋಲೇಖಗಳಲ್ಲಿ ಕಳಿಸಲು ಅವಕಾಶ ಕೊಡುತ್ತದೆ. ಈ ಭೇದವನ್ನು ಮರೆತರೆ ಗೊಂದಲವಾಗುತ್ತದೆ. ಎಸ್3ಯಲ್ಲಿ ಬಹುಭಾಗವಾಗಿ ಏರಿದ ವಸ್ತುವಿನ 'ಈಟ್ಯಾಗ್' ಇಡೀ ಕಡತದ ಎಂಡಿ5 ಅಲ್ಲ. ಅದನ್ನು ಸ್ಥಳೀಯ ಎಂಡಿ5 ಜೊತೆ ಹೋಲಿಸಿ ಕಡತ ಕೆಟ್ಟಿದೆ ಎಂದು ತೀರ್ಮಾನಿಸುವುದು ಸುಲಭವಾಗಿ ಆಗುವ ತಪ್ಪು.

7. ವಿಕಿಮೀಡಿಯ ಕಾಮನ್ಸ್: ಕನ್ನಡಕ್ಕೆ ತಾಗುವ ಉದಾಹರಣೆ

ಈ ಚರ್ಚೆ ಕನ್ನಡ ಪುಸ್ತಕಗಳ ಡಿಜಿಟಲ್ ಕೆಲಸಕ್ಕೂ ನೇರವಾಗಿ ತಾಗುತ್ತದೆ. ಕನ್ನಡ ವಿಕಿಸೋರ್ಸಿನಲ್ಲಿ ಸ್ವಯಂಸೇವಕರು ಸ್ಕ್ಯಾನ್ ಮಾಡಿದ ಪುಟವನ್ನು ಪಕ್ಕದಲ್ಲಿಟ್ಟುಕೊಂಡು ಪಠ್ಯ ತಿದ್ದುತ್ತಾರೆ. ಆ ಸ್ಕ್ಯಾನ್ ಕಡತ ಸಾಮಾನ್ಯವಾಗಿ ವಿಕಿಮೀಡಿಯ ಕಾಮನ್ಸಿನಲ್ಲಿರುತ್ತದೆ. ಪುಟಕ್ಕೆ 500 ಕೆಬಿಯಂತೆ ಹಿಡಿದರೂ 400 ಪುಟಗಳ ಪುಸ್ತಕ 200 ಎಂಬಿಯಾಗುತ್ತದೆ. ಕಾಮನ್ಸಿನ ಸರಳ ಫಾರ್ಮಿನ ಮಿತಿ 100 ಎಂಬಿ. ಅದಕ್ಕಿಂತ ದೊಡ್ಡ ಕಡತ ತುಂಡುಗಳ ದಾರಿಯಲ್ಲೇ ಹೋಗಬೇಕು.

ಮೀಡಿಯಾವಿಕಿ ತಂತ್ರಾಂಶದ ಕ್ರಮ ಮೇಲಿನ ವಾದಕ್ಕೆ ಹೊಂದುತ್ತದೆ. ಮೊದಲ ತುಂಡಿಗೆ ಉತ್ತರವಾಗಿ ಸರ್ವರ್ ಒಂದು ಕಡತಕೀಲಿಯನ್ನೂ ಮುಂದಿನ ಆಫ್‌ಸೆಟ್ಟನ್ನೂ ಕೊಡುತ್ತದೆ. ಮುಂದಿನ ಪ್ರತಿ ತುಂಡೂ ಅವೆರಡನ್ನೂ ಹೊತ್ತು ಬರುತ್ತದೆ. ಎಲ್ಲ ತುಂಡುಗಳೂ ಸೇರಿದ ಮೇಲೆ ಕಡತ ಮೊದಲು ಖಾಸಗಿ ದಾಸ್ತಾನಿನಲ್ಲಿ ನಿಲ್ಲುತ್ತದೆ. ಹಕ್ಕುಸ್ವಾಮ್ಯ, ವಿವರಣೆ ಮುಂತಾದವನ್ನು ತುಂಬಿ ಪ್ರಕಟಿಸುವುದು ಪ್ರತ್ಯೇಕ ಹಂತ. ನೆಬೆಲ್ ಮತ್ತು ಮ್ಯಾಸಿಂಟರ್ ಬೇಕಾದವರು ಕಟ್ಟಿಕೊಳ್ಳಲಿ ಎಂದು ಬಿಟ್ಟಿದ್ದ ಹಂತಹಂತದ ವ್ಯವಹಾರ ಇಲ್ಲಿ ಕ್ರಮ ಬದಲಿಸಿಕೊಂಡು ಬಂದಿದೆ: ಅವರು ಪರಿಶೀಲನೆ ಮೊದಲು, ಕಡತ ಆಮೇಲೆ ಎಂದು ಯೋಚಿಸಿದ್ದರು. ಇಲ್ಲಿ ಕಡತ ಮೊದಲು, ವಿವರ ಆಮೇಲೆ. ಒಂದು ಗಂಟೆ ಏರಿಸಿದ ಕಡತ ವಿವರಣೆಯ ಪೆಟ್ಟಿಗೆಯಲ್ಲಾದ ಲೋಪಕ್ಕಾಗಿ ಕಳೆದುಹೋಗದಿರುವುದು ಇದರ ಪ್ರಯೋಜನ. ಅದೇ ಬೈಟುಗಳ ಕಡತ ಮೊದಲೇ ಇದೆಯೇ ಎಂಬುದನ್ನು ಎಸ್‌ಎಚ್‌ಎ-1 ಹ್ಯಾಶ್ ಮೂಲಕ ನೋಡಿ ಎಚ್ಚರಿಸುವ ಏರ್ಪಾಡೂ ಇದೆ.

8. ಫಲಿತ

ಇಷ್ಟರಿಂದ ಮೂರು ಮಾತು ಹೇಳಬಹುದು. ಒಂದು, ಸರ್ವರಿನ ಮಿತಿ ಏರಿಸುವುದು ಅಗತ್ಯವಿರಬಹುದು, ಪರಿಹಾರವಲ್ಲ. ಒಂದೇ ಮನವಿಯಲ್ಲಿ 2 ಜಿಬಿ ಸ್ವೀಕರಿಸಬಲ್ಲ ಸರ್ವರ್ ಕೂಡ ಕಡಿಯುವ ಜಾಲದೆದುರು ಹದಿನಾಲ್ಕರಲ್ಲಿ ಒಂದೇ ಯತ್ನದಲ್ಲಿ ಗೆಲ್ಲುತ್ತದೆ. ಎರಡು, ಬೇರೆಬೇರೆ ಕಾಲದಲ್ಲಿ ಬೇರೆಬೇರೆ ಜನ ಕಟ್ಟಿದ ವ್ಯವಸ್ಥೆಗಳೆಲ್ಲ ಒಂದೇ ಆಕಾರಕ್ಕೆ ಬಂದು ನಿಂತಿವೆ: ಅಪೂರ್ಣ ಅಪ್‌ಲೋಡಿಗೆ ಒಂದು ವಿಳಾಸ ಅಥವಾ ಕೀಲಿ, ಅದರ ಸ್ಥಿತಿಯನ್ನು ಕೇಳುವ ಒಂದು ಮನವಿ, ಭಿನ್ನಾಭಿಪ್ರಾಯ ಬಂದರೆ ಸರ್ವರಿನ ಮಾತೇ ಅಂತಿಮ. ಮೂರು, ವ್ಯತ್ಯಾಸ ಉಳಿದಿರುವುದು ಹಂಚಿಕೆಯಲ್ಲಿ. ಏಕಕಾಲದ ವೇಗ ಬೇಕಿದ್ದರೆ ಲೆಕ್ಕದ ಒಂದು ಪಾಲನ್ನು ಬ್ರೌಸರ್ ಹೊರಬೇಕು, ಎಸ್3 ಹಾಗೆ ಮಾಡುತ್ತದೆ. ಬ್ರೌಸರಿನ ಹೊರೆ ಇಳಿಸಬೇಕಿದ್ದರೆ ತುಂಡುಗಳು ಸರದಿಯಂತೆ ಬರಬೇಕು, ಟಸ್ ಮತ್ತು ಗೂಗಲ್ ಹಾಗೆ ಮಾಡುತ್ತವೆ.

ಹೊಸ ಅನ್ವಯವೊಂದರ ಅಪ್‌ಲೋಡ್ ವ್ಯವಸ್ಥೆಯನ್ನು ಪರಿಶೀಲಿಸುವವರು 'ಎಷ್ಟು ಜಿಬಿವರೆಗೆ ಬಿಡುತ್ತೀರಿ' ಎಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳೂ ಇವೇ. ಅರ್ಧ ಬಂದ ಕಡತದ ಆಫ್‌ಸೆಟ್ ಯಾರ ಬಳಿ ಇದೆ? ಅದು ಎಷ್ಟು ದಿನ ಉಳಿಯುತ್ತದೆ? ಮುಂದುವರಿಸುವಾಗ ಅದೇ ಕಡತವೆಂದು ಯಾವ ಆಧಾರದ ಮೇಲೆ ನಂಬುತ್ತೀರಿ? ಈ ಮೂರಕ್ಕೂ ಉತ್ತರವಿದ್ದರೆ ಗಾತ್ರದ ಮಿತಿ ಕೇವಲ ಡಿಸ್ಕು ಮತ್ತು ಹಣದ ಮಾತಾಗುತ್ತದೆ.